ನಲವತ್ತೊಂದು ಯಾರು

ಕಬ್ಬಿನ ತುದಿಯಿಂದ ಹೊತ್ತು ಮೂರು ಬೆರಳು ಮೇಲಿದೆ, ಅಲ್ಲ, ಎರಡೂವರೆ, ಕಿಟಕಿಯ ಗಾಜಿನ ತುಂಬ ಕಾರ್ಖಾನೆಯ ಚಿಮಣಿಯ ಬೂದಿ, ಅದರಾಚೆ ಸೂರ್ಯ ಎಣ್ಣೆಗೆ ಬಿಟ್ಟ ಪೂರಿಯ ಹಾಗೆ ಉಬ್ಬಿಕೊಂಡಿದ್ದಾನೆ, ಹಸಿದವರ ಕಣ್ಣಿಗೆ ಎಲ್ಲವೂ ತಿನ್ನುವ ಪದಾರ್ಥವೇ, ಮೇಜಿನ ಮೇಲೆ ಡಬ್ಬಿ ಇದೆ, ಬಿಚ್ಚಲು ಪುರುಸೊತ್ತಿಲ್ಲ, ಹೊತ್ತು ಮುಳುಗಿದರೆ ಮುಗಿಯಿತು, ಮತ್ತೆ ನಾಳೆ ಬೆಳಗ್ಗೆಯೇ ಊಟ, ಜೈನರ ಮನೆಯಲ್ಲಿ ಹುಟ್ಟಿದ ಉಜ್ವಲಾಳ ಹೊಟ್ಟೆಗೆ ಇದು ಗೊತ್ತು, ಕಾರ್ಖಾನೆಗೆ ಬಂದ ಕಬ್ಬಿಗೆ ಗೊತ್ತಿಲ್ಲ — ತೂಕದ ಕಾಟಾದ ಮುಂದೆ ಟ್ರ್ಯಾಕ್ಟರುಗಳು ಕಾಗವಾಡದ ರಸ್ತೆಯವರೆಗೆ ನಿಂತಿವೆ, ಒಂದೂ ತೂಕವಾಗುತ್ತಿಲ್ಲ, ಹಾರ್ನಿನ ಮೇಲೆ ಹಾರ್ನು, ಏ ಅಕ್ಕಾರ, ಕಬ್ಬ ಒಣಗಾಕತ್ತೈತ್ರಿ, ಲಗೂನ ಏನರ ಮಾಡ್ರಿ ಎಂದು ಡ್ರೈವರ್ ಹಾಲಸಿದ್ದ ಟ್ರ್ಯಾಕ್ಟರಿನ ಮೇಲಿಂದಲೇ ಒದರುತ್ತಾನೆ, ಒದರದೆ ಏನು ಮಾಡಿಯಾನು, ಬೆಳಗಿನಿಂದ ಬಿಸಿಲಲ್ಲಿ ಕೂತಿದ್ದಾನೆ, ಮಧ್ಯಾಹ್ನ ಕಾಟಾದ ಹಳೆಯ ಕಂಪ್ಯೂಟರು ಕಣ್ಣು ಮುಚ್ಚಿತು, ಹೊಸದನ್ನು ತಂದು ಕೂರಿಸಿದವನು ಸಂಭಾಜಿ, ಅವಳ ಅಪ್ಪನ ಕುರ್ಚಿಗೆ ಬಂದವನು, ಅಪ್ಪ ಶ್ರಾವಣದಲ್ಲಿ ಹೋದ ಮೇಲೆ — ಬೇಡ, ಅದೀಗ ಬೇಡ, ಮೊದಲು ಆಫೀಸಿನ ಈ ಕಂಪ್ಯೂಟರಿಗೂ ಕಾಟಾದ ಆ ಕಂಪ್ಯೂಟರಿಗೂ ಯಾಕೆ ಮಾತು ನಿಂತಿದೆ ನೋಡಬೇಕು.

ಕಪ್ಪು ಪರದೆ ತೆರೆದೊಡನೆ ಬೆರಳು ತಾನೇ ಹೊಡೆಯುತ್ತದೆ, ಎಆರ್‌ಪಿ, ಒಂದು ಗೆರೆ, ಎ, ಎಂಟರ್ — ನಿನಗೆ ಯಾರು ಯಾರು ನೆನಪಿದ್ದಾರೆ ತೋರಿಸು ಎಂದಷ್ಟೇ ಅರ್ಥ, ಸಾಲುಗಳು ಬಂದವು, ಎಡಕ್ಕೆ ನಂಬರು, ಬಲಕ್ಕೆ ಆ ನಂಬರಿನಲ್ಲಿ ಕೂತ ಮಷೀನಿನ ಹುಟ್ಟುಗುರುತು, ಇದರ ನೆನಪು ಬಲು ಸಣ್ಣದು, ಸ್ವಲ್ಪ ಹೊತ್ತಿಗೆ ತಾನೇ ಒರೆಸಿಕೊಂಡು ಮತ್ತೆ ಎಲ್ಲರನ್ನೂ ಕೂಗಿ ಕೇಳುತ್ತದೆ, ಹದಿನೇಳು ಯಾರು, ಇಪ್ಪತ್ತು ಯಾರು, ಇದ್ದವರು ನಾನು ಎನ್ನುತ್ತಾರೆ, ಹೇಗೋ ಸಂಸಾರ ಸಾಗುತ್ತದೆ, ಆದರೆ ಕಾಟಾದ ನಂಬರು ನಲವತ್ತೊಂದನ್ನು ಮಾತ್ರ ಕೇಳುವುದಿಲ್ಲ, ಅದರ ಮುಂದೆ ಕಾಯಂ ಎಂಬ ಗುರುತಿದೆ, ಹಿಡಿದ ಮೊಲಕ್ಕೆ ಮೂರೇ ಕಾಲು, ನಲವತ್ತೊಂದು ಎಂದರೆ ಇದಕ್ಕೆ ಅಪ್ಪನ ಹಳೆಯ ಮಷೀನೇ, ಅದೇ ನಂಬರಿನಲ್ಲಿ ಕೂತ ಹೊಸದು ಕೂಗಿದ್ದು ಕಿವಿಗೆ ಬೀಳುತ್ತದೆ, ಉತ್ತರವನ್ನು ಮಾತ್ರ ಸತ್ತದ್ದಕ್ಕೆ ಕಳಿಸುತ್ತದೆ, ಕಳಿಸುತ್ತಲೇ ಇದೆ. ಹೀಗೆ ಕಟ್ಟಿಹಾಕಿದವಳು ಅವಳೇ, ಒಂದು ವರ್ಷ ಯಾರೋ ತಂದಿಟ್ಟ ಪ್ರಿಂಟರು ನಲವತ್ತೊಂದನ್ನು ಹಿಡಿದು ಕೂತು ಕಾಟಾದ ಕೆಲಸವೆಲ್ಲ ಕೆಟ್ಟಾಗ ಅಪ್ಪ ನಗುತ್ತ ಬಂದು ಬಾಗಿಲಲ್ಲಿ ನಿಂತಿದ್ದ, ಯಾವನೋ ನನ್ನ ಹೆಸರ ಇಟ್ಗೊಂಡ ಅಡ್ಡಾಡಾಕತ್ತಾನ ನೋಡವಾ, ನಿನ್ನ ಕಂಪ್ಯೂಟರಿಗೆ ನಿಮ್ಮಪ್ಪನ ಗುರ್ತ ಇಲ್ಲೇನ ಎಂದ, ಇನ್ ಮ್ಯಾಲೆ ಮರಿಯೂದಿಲ್ಲ ಬಿಡಪಾ ಎಂದು ಅವಳು ಕಾಯಂ ಮಾಡಿದಳು, ಬಂದ್ ಮಾಡಿ ಚಾಲೂ ಮಾಡಿದರೂ ಮರೆಯಬಾರದೆಂದು ಚಾಲೂ ಆಗುವಾಗ ಓಡುವ ಫೈಲಿನಲ್ಲೂ ಆ ಸಾಲು ಸೇರಿಸಿದಳು, ಎಷ್ಟು ಜಂಬ ಆಗ, ಅಪ್ಪನಿಗೂ ಜಂಬ, ಅಥಣಿಗೆ ಹೋದರೂ ಕರೋಶಿಗೆ ಹೋದರೂ ಬೀಗರ ಮುಂದೆಲ್ಲ ಹೇಳಿದ್ದೇ ಹೇಳಿದ್ದು, ನಮ್ಮ ಉಜ್ವಲಾನ ಕಂಪ್ಯೂಟರು ನನ್ನ ಮರಿಯಂಗಿಲ್ಲ.

ದಿನಾ ಈ ಹೊತ್ತಿಗೆ ಕಾಟಾದ ಸಣ್ಣ ಕಿಟಕಿಯಿಂದ ಒಂದು ಕೈ ಹೊರಗೆ ಬರುತ್ತಿತ್ತು, ತೋಳು ಚಾಚಿ, ಅಂಗೈ ಅಡ್ಡ ಹಿಡಿದು, ಕಬ್ಬಿನ ತುದಿಗೂ ಸೂರ್ಯನಿಗೂ ನಡುವೆ ಎಷ್ಟು ಬೆರಳು ಹಿಡಿಸುತ್ತದೆ ಎಂದು ಅಳೆದು, ಅಷ್ಟೇ ಬೆರಳನ್ನು ಅವಳ ಕಡೆ ತಿರುಗಿಸಿ ತೋರಿಸುತ್ತಿತ್ತು, ನಾಲ್ಕಾದರೆ ಕೆಲಸ ಮಾಡು, ಎರಡಾದರೆ ಡಬ್ಬಿ ಬಿಚ್ಚು, ಒಂದಾದರೆ ಬೈಗುಳ, ಒಂದಕ್ಕೆ ಕಿರುಬೆರಳೇ, ಚಿಕ್ಕಂದಿನಲ್ಲಿ ಗಾಣಕ್ಕೆ ಸಿಕ್ಕು ಸೊಟ್ಟಗಾದ ಕಿರುಬೆರಳು, ಗ್ವಾಡಿ ಮ್ಯಾಲ ಗಡಿಯಾರ ಐತಲ್ಲಪಾ ಎಂದರೆ ಗಡಿಯಾರಕ್ಕ ಹಸಿವಿ ಏನ್ ಗೊತ್ತವಾ ಅನ್ನುತ್ತಿದ್ದ, ಇಷ್ಟು ದೂರದಿಂದಲೂ ಆ ಸೊಟ್ಟ ಕಾಣುತ್ತಿತ್ತು, ಕಂಡೊಡನೆ ನಗು ಬರುತ್ತಿತ್ತು, ಅಪ್ಪಾ, ಈಗ ಯಾರೂ ಬೈಯುವುದಿಲ್ಲ, ಅವ್ವ ಇವತ್ತೂ ಇಬ್ಬರಿಗಾಗುವಷ್ಟು ರೊಟ್ಟಿ ಕಟ್ಟಿದ್ದಾಳೆ, ಕೈ ತಪ್ಪಿತವಾ ಅನ್ನುತ್ತಾಳೆ, ದಿನಾ ತಪ್ಪುತ್ತದೆ.

ಫೋನು ಎತ್ತಿ ಸಂಭಾಜಿಯನ್ನು ಕೇಳುತ್ತಾಳೆ, ಹೊಸಾ ಮಷೀನಿಗೆ ಹಳೇ ನಂಬರ್ ಯಾಕ ಕೊಟ್ಯೋ, ಬ್ಯಾರೆ ಹಾಕಬೇಕಿಲ್ಲೋ, ಅವನ ದನಿ ಸಣ್ಣಗಾಗುತ್ತದೆ, ಹೆಂಗ ಹಾಕ್ಲಿ ಅಕ್ಕಾರ, ನಲವತ್ತೊಂದು ಅಂದ್ರ ಮಹಾವೀರಣ್ಣಾರ ನಂಬರ್, ನಿಮ್ಮಪ್ಪಾರದು, ನಿಪ್ಪಾಣಿಯಿಂದ ಬಂದಾಗ ನನಗ ಏನೂ ಬರ್ತಿರಲಿಲ್ರಿ, ಕೈ ಹಿಡದ ಕಲಿಸ್ಯಾರ, ಅವ್ರ ನಂಬರ್ ತಗದ ಒಗದ್ರ ಅವ್ರನ್ನ ಹೊರಗ ಹಾಕಿದಂಗ ಅಕ್ಕೈತ್ರಿ — ಅಯ್ಯೋ ಪುಣ್ಯಾತ್ಮಾ, ನೀನು ಒಗೆದಿದ್ದರೆ ಇಲ್ಲಿ ಉಳಿಯುತ್ತಿತ್ತಲ್ಲೋ, ನಲವತ್ತೊಂದನ್ನು ಯಾರೂ ಮುಟ್ಟದೆ ಈ ಸಾಲು ಇಲ್ಲೇ ತಣ್ಣಗೆ ಇರುತ್ತಿತ್ತು, ಈಗಲೂ ನಲವತ್ತೆರಡು ಹಾಕು ಎಂದರೆ ಸಾಕು, ಮಾತು ನಾಲಿಗೆಯ ತುದಿಗೆ ಬಂದು ನಿಂತಿದೆ, ಹೇಳಲಾರಳು, ಅಲ್ಲಿ ಅವನು ಅಪ್ಪನನ್ನು ಉಳಿಸಿಕೊಂಡಿದ್ದಾನೆ, ಇಲ್ಲಿ ಇವಳು, ಒಂದೇ ನಂಬರಿನಲ್ಲಿ ಇಬ್ಬರದೂ ಕೂರುವುದಿಲ್ಲ, ಹಾರ್ನು, ಹಾಲಸಿದ್ದ, ಒಣಗುತ್ತಿರುವ ಕಬ್ಬು, ಆತು ಬಿಡು, ಅದ ಇರ್ಲಿ ಎಂದು ಫೋನು ಇಟ್ಟಳು, ಮೊದಲು ಫೈಲಿನ ಸಾಲು ಅಳಿಸಿದಳು, ಆಮೇಲೆ ಎಆರ್‌ಪಿ, ಗೆರೆ, ಡಿ, ಮರೆತುಬಿಡು ಎಂದಷ್ಟೇ ಅರ್ಥ, ನಲವತ್ತೊಂದರ ಪೂರ್ತಿ ನಂಬರು, ಎಂಟರಿನ ಮೇಲೆ ಬೆರಳು ಇಟ್ಟಳು, ಸುಡುಗಾಡಿನಲ್ಲೂ ಇಷ್ಟು ಅತ್ತಿರಲಿಲ್ಲ, ಅಪ್ಪಾ, ಸಿಟ್ಟಾಗಬ್ಯಾಡಪಾ, ಒತ್ತಿದಳು.

ಹೋಯಿತು, ಸದ್ದಿಲ್ಲದೆ, ಸಾಲಿದ್ದ ಜಾಗದಲ್ಲಿ ಖಾಲಿಯೂ ಇಲ್ಲ, ಕೆಳಗಿನದು ಮೇಲೆ ಬಂದು ಕೂತಿದೆ, ಎಷ್ಟೋ ವರ್ಷದ ಮೇಲೆ ಮೊದಲ ಸಲ ಕಂಪ್ಯೂಟರು ಕೂಗಿ ಕೇಳಿರಬೇಕು, ನಲವತ್ತೊಂದು ಯಾರು, ಮತ್ತೆ ಪಟ್ಟಿ ತೆಗೆದು ನೋಡುತ್ತಾಳೆ, ಬಂದಿದೆ, ಅದೇ ನಂಬರು, ಗುರುತು ಬೇರೆ, ನಾನು ಎಂದಿದೆ ಹೊಸದು, ಹೌದೇ ಎಂದು ನಂಬಿಬಿಟ್ಟಿದೆ ಇದು, ಎಷ್ಟು ಸಲೀಸು, ಬಂತ್ರಿ ಅಕ್ಕಾರ, ಹಾಲಸಿದ್ದನ ಗಾಡಿ ತೂಕ ಆತ್ರಿ ಎಂದು ಮತ್ತೆ ಫೋನಿನಲ್ಲಿ ಸಂಭಾಜಿ, ಹಾರ್ನು ನಿಂತಿತು, ಟ್ರ್ಯಾಕ್ಟರು ಒದ್ದಾಡಿ ಮುಂದೆ ಹೋಯಿತು, ಡಬ್ಬಿ ಬಿಚ್ಚಿ ರೊಟ್ಟಿ ಮುರಿದು ಹೆಸರುಕಾಳಿನ ಪಲ್ಲೆಗೆ ಅದ್ದಿ ಬಾಯಿಗೆ ಒಯ್ಯುವಾಗ ಕಿಟಕಿಯಾಚೆ ಕಾಟಾದಿಂದ ಕೈ ಬಂತು, ಮುಂದಿನ ಗಾಡಿಯನ್ನು ಕರೆಯಲು, ಸಂಭಾಜಿಯದೇ, ಗಾಡಿ ಬಂದು ನಿಂತರೂ ಕೈ ಒಳಗೆ ಹೋಗಲಿಲ್ಲ, ಪಶ್ಚಿಮಕ್ಕೆ ಚಾಚಿತು, ಅಂಗೈ ಅಡ್ಡವಾಯಿತು, ಇದನ್ನೂ ಕಲಿಸಿದ್ದನೇ ಅಪ್ಪ, ಅಳೆಯಿತು, ಇವಳ ಕಡೆ ತಿರುಗಿತು, ಒಂದು, ಕಿರುಬೆರಳು, ಉಣ್ಣಬೇಕು, ಇನ್ನು ಒಂದೇ ಬೆರಳು ಹೊತ್ತು, ತುತ್ತು ಕೈಯಲ್ಲೇ ಇದೆ, ಕೆಂಪು ಬೆಳಕಿನಲ್ಲಿ ಆ ಬೆರಳು, ಎಷ್ಟು ನೋಡಿದರೂ ನೆಟ್ಟಗಿದೆ, ಸೊಟ್ಟ ಇಲ್ಲ, ಕಣ್ಣೊರೆಸಿಕೊಂಡು ನೋಡಿದರೂ, ಆ ಕಿರುಬೆರಳು ನೆಟ್ಟಗಿದೆ, ನೆಟ್ಟಗೇ ಇದೆ