ಹಿಂದಿನ ಕೋಣೆ

ಅತ್ತೆಯ ಕಾಲಿಗೆ ಅರಿಸಿನ ಹಚ್ಚುತ್ತಿದ್ದ ಪ್ರಣಮ್ಯಾಳ ಕೈ ತಟ್ಟನೆ ನಿಂತಿತು. ಎದ್ದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಬಟ್ಟೆಯಲ್ಲಿ ರಕ್ತ.

ಎರಡು ತಿಂಗಳ ಬಸಿರು. ಅದು ಗೊತ್ತಿದ್ದದ್ದು ಅತ್ತೆ ಅಮ್ಮಣ್ಣಿಯೊಬ್ಬರಿಗೇ. ಅವರು ನಿನ್ನೆ ಸಂಜೆ ಎದೆನೋವೆಂದು ಕೂತವರು ಮತ್ತೆ ಏಳಲಿಲ್ಲ.

ಬಾಗಿಲು ತೆರೆದರೆ ಮಾವನ ಅಕ್ಕ ಲೀಲಮ್ಮ ನಿಂತಿದ್ದರು. ಪ್ರಣಮ್ಯಾಳ ಸೀರೆಯ ಹಿಂಭಾಗ ನೋಡಿದರು.

"ಇವತ್ತೇ ಹೊರಗಾಗ್ಬೇಕಿತ್ತಾ ಮಾರಾಯ್ತಿ ನಿಂಗೆ?"

"ದೊಡ್ಡತ್ತೆ, ಅದು..."

"ಎಂತ ಅದು? ಕ್ರಿಯೆ ಮಾಡಿಸೋ ವಾಧ್ಯಾರ್ ಬಂದಾಯ್ತು. ಏನನ್ನೂ ಮುಟ್ಬೇಡ. ಹಿಂದಿನ ಕೋಣೆಗೆ ಹೋಗು."

ನಿಜ ಹೇಳಿದರೆ ಬಸುರಿ ಹೆಣ ಮುಟ್ಟಿದ್ದಕ್ಕೇ ಹೀಗಾಯಿತು ಎನ್ನುತ್ತಾರೆ. ಪ್ರಣಮ್ಯಾ ಹಿಂದಿನ ಕೋಣೆಗೆ ನಡೆದಳು.

ಪೆರಂಬೂರಿನ ಆ ಮನೆಯ ಕೆಳಗೇ ಅವರ ಹೋಟೆಲು. ಹಿಂದಿನ ಕೋಣೆಯಲ್ಲಿ ಮುರಿದ ಬೆಂಚುಗಳು, ಖಾಲಿ ಎಣ್ಣೆ ಡಬ್ಬಗಳು.

*

ಕಳೆದ ವಾರ ಒಗ್ಗರಣೆಯ ವಾಸನೆಗೆ ಓಡಿಬಂದು ಅವಳು ಕೂತದ್ದೂ ಇಲ್ಲೇ. ಅಮ್ಮಣ್ಣಿ ಹಿಂದೆಯೇ ಬಂದಿದ್ದರು.

"ಸುಕೇಶನಿಗೆ ಹೇಳಿದ್ಯಾ?"

"ಇಲ್ಲ ಅತ್ತೆ. ಮೊದ್ಲು ಸ್ಕ್ಯಾನ್ ಆಗ್ಲಿ ಅಂತ."

"ಒಳ್ಳೇದಾಯ್ತು. ನಿನ್ನ ಗಂಡನ ಬಾಯಲ್ಲಿ ಮಾತು ನಿಲ್ಲೂದಿಲ್ಲ. ಕಾಫಿ ಕುಡಿಲಿಕ್ಕೆ ಬಂದವ್ರಿಗೆಲ್ಲ ಹಂಚ್ತಾನೆ."

ಇಬ್ಬರೂ ನಕ್ಕಿದ್ದರು. ಆಮೇಲೆ ಅಮ್ಮಣ್ಣಿ ನೆಲ ನೋಡುತ್ತ ಹೇಳಿದ್ದರು.

"ಅವನಿಗಿಂತ ಮೊದ್ಲು ಒಂದಿತ್ತು. ರಕ್ತ ಕಂಡಿತು. ತಿಂಗಳದ್ದು ಅಂತ ಲೀಲಕ್ಕ ನನ್ನನ್ನ ಈ ಕೋಣೆಯಲ್ಲೇ ಕೂರಿಸಿದ್ರು. ಹೊಸ್ತಿಲ ಹತ್ರ ಊಟ ಇಟ್ಟು ಹೋಗೋರು. ಒಳಗೆ ಯಾರೂ ಬರ್ಲಿಲ್ಲ."

"ನೀವು ಹೇಳ್ಲಿಲ್ವಾ?"

"ನಾಚಿಕೆ. ನಾಲ್ಕನೇ ದಿನ ತಲೆಗೆ ಮಿಂದು ಇಡ್ಲಿಗೆ ರುಬ್ಬಲಿಕ್ಕೆ ಕೂತೆ. ನಿನ್ನ ಮಾವನಿಗೆ ಈಗ್ಲೂ ಗೊತ್ತಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡು, "ರಕ್ತ ಕಂಡದ್ದೆಲ್ಲ ಹೋಗೂದಿಲ್ಲ ಅಂತ ಡಾಕ್ಟ್ರು ಆಮೇಲೆ ಯಾವಾಗ್ಲೋ ಹೇಳಿದ್ರು. ಆವತ್ತೇ ಆಸ್ಪತ್ರೆಗೆ ಹೋಗಿದ್ರೆ ಉಳೀತಿತ್ತೋ ಏನೋ" ಎಂದಿದ್ದರು.

*

ಹಜಾರದಿಂದ ಮಾವ ಕಾಂತಪ್ಪನವರ ದನಿ ಕೇಳಿತು. "ಮದುವೆಯಾಗಿ ಬಂದ ಮೇಲೆ ಒಂದು ದಿನ ಕಾಯಿಲೆ ಅಂತ ಮಲಗಿದವಳಲ್ಲ ನನ್ನ ಅಮ್ಮಣ್ಣಿ."

"ಮಲಗ್ಲಿಕ್ಕೆ ನೀನೆಲ್ಲಿ ಬಿಟ್ಟೆ?" ಎಂದರು ಲೀಲಮ್ಮ. ಯಾರೋ ನಕ್ಕು, ಥಟ್ಟನೆ ನಿಲ್ಲಿಸಿದರು.

ಪ್ರಣಮ್ಯಾಳ ಕಿಬ್ಬೊಟ್ಟೆ ಹಿಂಡಿತು.

ಒದ್ದೆ ಪಂಚೆಯಲ್ಲಿ ಸುಕೇಶ ಹೊಸ್ತಿಲಿಗೆ ಬಂದ. ಅತ್ತು ಕಣ್ಣು ಕೆಂಪಾಗಿತ್ತು.

"ದೊಡ್ಡತ್ತೆ ಹೇಳಿದ್ರು. ಪರ್ವಾಗಿಲ್ಲ, ರೆಸ್ಟ್ ತಗೋ. ಅಮ್ಮನನ್ನ ಒಯ್ಲಿಕ್ಕೆ ವಂಡಿ ಬಂದಿದೆ. ಕಿಟಕಿಯಿಂದ ನೋಡು, ಆಯ್ತಾ?"

"ಸುಕೇಶ್, ಒಂದು ನಿಮಿಷ..."

"ಸುಕೇಶಾ, ಅವಳನ್ನ ಮುಟ್ಟಿದ್ರೆ ಮತ್ತೆ ಮೀಯ್ಬೇಕು ನೀನು!" ಲೀಲಮ್ಮ ಕೂಗಿದರು.

ಅವನು ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ ತಿರುಗಿ ಹೋದ.

ಕಿಟಕಿಯ ಬಳಿ ನಿಂತರೆ ಅತ್ತೆಯ ಮುಖ ಕಡೆಯ ಸಲ ಕಾಣುತ್ತಿತ್ತು. ಪ್ರಣಮ್ಯಾ ಕಿಟಕಿಗೆ ಹೋಗಲಿಲ್ಲ. ಫೋನಿನಲ್ಲಿ ಆಸ್ಪತ್ರೆಗೆ ಆಟೋ ಕರೆದಳು. ಶಂಖ ಊದಿದಾಗ ಎಲ್ಲರೂ ಮುಂಬಾಗಿಲಲ್ಲಿದ್ದರು. ಅವಳು ಗೋಡೆ ಹಿಡಿದು ಹಿಂದಿನ ಮೆಟ್ಟಿಲು ಇಳಿದಳು.

ಅವಳು ಹತ್ತಿದ ಆಟೋ ಗಲ್ಲಿಯ ಕೊನೆಗೆ ಬಂದಾಗ ಶವದ ವಂಡಿ ಅಡ್ಡ ಹಾಯುತ್ತಿತ್ತು. ಗಾಜಿನಾಚೆ ಸುಕೇಶನ ಬಾಗಿದ ತಲೆ. ಆಟೋದವನು ಗಾಡಿ ನಿಲ್ಲಿಸಿ ಕೈ ಮುಗಿದ. ಪ್ರಣಮ್ಯಾ ಮುಗಿಯಲಿಲ್ಲ. ಅವಳ ಎರಡೂ ಕೈ ಹೊಟ್ಟೆಯ ಮೇಲಿದ್ದವು.