ಮಗನ ಪುಸ್ತಕದಲ್ಲಿಲ್ಲದ ಪ್ರಾರ್ಥನೆ

ಕೆಲಮಂಗಲದ ಇನ್ನಾಸಮ್ಮನ ಮನೆಯಲ್ಲಿ ಹನ್ನೊಂದು ವರ್ಷ ಭಾನುವಾರದ ಕೋಳಿಸಾರು ಬಿಸಿಬಿಸಿಯಾಗಿ ಯಾರ ಹೊಟ್ಟೆಗೂ ಹೋದದ್ದಿಲ್ಲ. ಕಾರಣ ಅಪ್ಪ ಮಗನ ವಾದ. ಅಪ್ಪ, ಅಂದರೆ ಇನ್ನಾಸಮ್ಮನ ಗಂಡ ಚೌರಪ್ಪ, ಊರಿನ ಕಥೋಲಿಕ ದೇವಾಲಯದಲ್ಲಿ ನಲವತ್ತು ವರ್ಷ ಉಪದೇಶಿಯಾಗಿದ್ದವನು. ಮಕ್ಕಳಿಗೆ ಜಪ ಕಲಿಸುವುದು, ಗುರುಗಳು ಬಾರದ ದಿನ ಪ್ರಾರ್ಥನೆ ನಡೆಸುವುದು ಎಲ್ಲ ಅವನದೇ. ಮಗ ಜೋಜಪ್ಪ ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಬಿಡಿಭಾಗಗಳನ್ನು ಅಳೆದು, ಡ್ರಾಯಿಂಗ್ ಎಂಬ ನಕ್ಷೆಗೆ ತಾಳೆ ನೋಡಿ ಪಾಸು ಮಾಡುವ ಇನ್‌ಸ್ಪೆಕ್ಟರು. ಪ್ರಾಟೆಸ್ಟೆಂಟರ ಹುಡುಗಿ ಕೋಮಲಾಳನ್ನು ಮೆಚ್ಚಿ ಮದುವೆಯಾದ, ಅವರ ಚರ್ಚಿನ ಸಭೆಗೇ ಸೇರಿದ. ಸೇರಿದವನು ಸುಮ್ಮನಿದ್ದನೇ? ಅಪ್ಪ ಒಂದು ಆಯುಷ್ಯದಲ್ಲಿ ಓದಿದಷ್ಟು ಬೈಬಲನ್ನು ಎರಡೇ ವರ್ಷದಲ್ಲಿ ಓದಿಬಿಟ್ಟ. ಅಲ್ಲಿಗೆ ಮನೆಯ ನೆಮ್ಮದಿ ಮುಗಿಯಿತು.

"ಮರಿಯಮ್ಮನಿಗೆ ಜಪ, ಪೋಪು, ಶುದ್ಧೀಕರಣ ಸ್ಥಳ, ಇವೆಲ್ಲ ಪುಸ್ತಕದಾಗೆ ಎಲ್ಲೈತಪ್ಪ? ಡ್ರಾಯಿಂಗ್‌ನಾಗೆ ಇಲ್ದಿದ್ದನ್ನ ನಾನು ಪಾಸ್ ಮಾಡಕ್ಕಾಗಲ್ಲ" ಎನ್ನುವನು ಮಗ.

"ಆ ಡ್ರಾಯಿಂಗ್ ಬರೆದೋರ್ಯಾರ್ಲಾ, ಕಂಪನಿ ತಾನೆ?" ಎನ್ನುವನು ಅಪ್ಪ. "ಪುಸ್ತಕಕ್ಕಿಂತ ಮುಂಚೆ ಧರ್ಮಸಭೆ ಇತ್ತು ಕಣ್ಲಾ. ಯಾವ್ದು ದೇವ್ರ ಮಾತು, ಯಾವ್ದಲ್ಲ ಅಂತ ಆರಿಸಿ ನಿನ್ನ ಕೈಗೆ ಕೊಟ್ಟಿದ್ದೇ ಅದು."

"ಡ್ರಾಯಿಂಗ್ ಕಂಪನೀದಲ್ಲಪ್ಪ, ಗಿರಾಕಿ ಕಳ್ಸಿರೋದು. ಕಂಪನಿ ಅದನ್ನ ಬೀರುನಾಗೆ ಇಟ್ಟು ಕಾಪಾಡೈತೆ, ಅಷ್ಟೆ. ಅದಕ್ಕೆ ಮೇಲೆ ಮೇಲೆ ಸೇರ್ಸಕ್ಕೆ ಏನು ಹಕ್ಕು?"

ಇನ್ನಾಸಮ್ಮನಿಗೆ ಇಬ್ಬರ ಮಾತೂ ಸರಿಯೆನಿಸುತ್ತಿತ್ತು. ಬಾಯಿಬಿಟ್ಟು ಹಾಗೆಂದರೆ ಇಬ್ಬರೂ ಸೇರಿ ತನ್ನ ಮೇಲೇ ಬೀಳುತ್ತಾರೆಂದು ತೆಪ್ಪಗೆ ಸಾರು ಬಡಿಸುವಳು. ನಿಜ ಹೇಳಬೇಕೆಂದರೆ, ಜಗಳವಿಲ್ಲದ ಭಾನುವಾರ ಅವರಿಬ್ಬರಿಗೂ ಊಟವೇ ಸೇರುತ್ತಿರಲಿಲ್ಲ.

ಕಳೆದ ಆಗಸ್ಟಿನಲ್ಲಿ ಮಾತ್ರ ಮಾತು ಮಿತಿಮೀರಿತು. "ಧರ್ಮಸಭೆ ಬಿಟ್ಟೋನು ಹೆತ್ತ ತಾಯಿನೇ ಬಿಟ್ಟಂಗೆ" ಎಂದ ಚೌರಪ್ಪ. ಜೋಜಪ್ಪನಿಗೆ ಎಲ್ಲಿತ್ತೋ ಸಿಟ್ಟು, "ನೀನು ನಂಬಿರೋದು ಸಭೇನ ಕಣಪ್ಪ, ಯೇಸುನ ಅಲ್ಲ" ಎಂದುಬಿಟ್ಟ. ಚೌರಪ್ಪ ಅರ್ಧ ಊಟಕ್ಕೇ ತಟ್ಟೆಯಲ್ಲೇ ಕೈ ತೊಳೆದು ಎದ್ದ. ಅದೇ ವಾರ, ಶುಕ್ರವಾರ ಬೆಳಿಗ್ಗೆ, ಕಾಫಿ ಕುಡಿದು ಲೋಟ ಕೆಳಗಿಟ್ಟವನು ಹಾಗೇ ಗೋಡೆಗೆ ಒರಗಿದ. ಎದೆಬಡಿತ ನಿಂತುಹೋಗಿತ್ತು.

ಮಣ್ಣು ಮಾಡಿದ ದಿನದಿಂದ ಇನ್ನಾಸಮ್ಮನಿಗೆ ಒಂದೇ ಕೊರಗು. ಗಂಡ ಮಗನ ಮೇಲಿನ ಕೋಪ ಹೊತ್ತುಕೊಂಡೇ ಹೋದ. ಆ ಕೋಪಕ್ಕಾಗಿ, ಸ್ವರ್ಗಕ್ಕೆ ಹೋಗುವ ಮುಂಚೆ ಆತ್ಮಗಳು ಪಾಪ ಕಳೆದುಕೊಳ್ಳುವ ಶುದ್ಧೀಕರಣ ಸ್ಥಳದಲ್ಲಿ ಬೇಯುತ್ತಿರಬೇಕು. ಮಗ ಬೇಡಿಕೊಳ್ಳದೆ ಅವನಿಗೆ ಬಿಡುಗಡೆಯಿಲ್ಲ ಎಂದು ಅವಳು ನಂಬಿದ್ದಳು. ಮಗನೋ ಸಮಾಧಿಯ ಕಡೆ ತಲೆಹಾಕಲೇ ಇಲ್ಲ. ಕರೆದಾಗಲೆಲ್ಲ ಒಂದೇ ಉತ್ತರ: "ಸತ್ತೋರಿಗೋಸ್ಕರ ಬೇಡ್ಕ ಅಂತ ನನ್ನ ಪುಸ್ತಕದಾಗಿಲ್ಲಮ್ಮ."

ಇವನಿಗೆ ಪುಸ್ತಕದಿಂದಲೇ ಉತ್ತರ ಕೊಡುತ್ತೇನೆ ಎಂದು ಮುದುಕಿ ಹಟ ತೊಟ್ಟಳು. ಕಾನ್ವೆಂಟಿನ ಸಿಸ್ಟರ್ ಹತ್ತಿರ ಹೋಗಿ ಕೇಳಿದಳು. ಅವಳು ಒಯ್ದಿದ್ದ ಚೌರಪ್ಪನ ಬೈಬಲನ್ನು ಅವರು ತೆರೆದು ಒಂದು ಕಡೆ ಚೀಟಿ ಇಟ್ಟುಕೊಟ್ಟರು. ಕನ್ನಡಕ ಏರಿಸಿ ಅದನ್ನು ಓದಿದ್ದೇ ಓದಿದ್ದು, ಅವಳಿಗೆ ಬಾಯಿಪಾಠವೇ ಆಗಿಹೋಯಿತು.

ನವೆಂಬರ್ ಎರಡು ಬಂತು. ಸಮಾಧಿಗಳಿಗೆಲ್ಲ ಸುಣ್ಣ ಹೊಡೆದು, ಹೂವಿಟ್ಟು, ಮೇಣದಬತ್ತಿ ಹಚ್ಚಿ ಸತ್ತವರನ್ನು ನೆನೆಯುವ ದಿನ. ಸಂಜೆ ನಾಲ್ಕಕ್ಕೆ ಜೋಜಪ್ಪ ತಾಯಿಯನ್ನು ಬೈಕಿನಲ್ಲಿ ತಂದು ಸ್ಮಶಾನದ ಗೇಟಿನ ಹತ್ತಿರ ಇಳಿಸಿ ಅಲ್ಲೇ ನಿಂತ.

"ಬಾರ್ಲಾ, ಈ ಚೆಂಡುಹೂವಿನ ಬುಟ್ಟಿ ನನ್ನ ಕೈಲಿ ಹೊರಕ್ಕಾಗಲ್ಲ."

ಬುಟ್ಟಿಯಲ್ಲೇನು ಮಹಾ ಭಾರವಿರಲಿಲ್ಲ. ಅವನಿಗೂ ಅದು ಗೊತ್ತು. ಆದರೂ ಬಂದ. ಸಮಾಧಿಯ ಮುಂದೆ ಅವಳು ಚೀಲದಿಂದ ಬೈಬಲ್ ತೆಗೆದು, ಚೀಟಿಯಿದ್ದ ಪುಟ ಬಿಡಿಸಿ, "ಓದು" ಎಂದಳು.

ಅವನು ಓದಿದ. ಯುದ್ಧದಲ್ಲಿ ಸತ್ತ ಸೈನಿಕರ ಅಂಗಿಯೊಳಗೆ ವಿಗ್ರಹದ ತಾಯಿತಗಳು ಸಿಕ್ಕಿದ ಕಥೆ; ಅವರ ಪಾಪ ಕಳೆಯಲೆಂದು ದಂಡನಾಯಕ ಪ್ರಾರ್ಥಿಸಿ, ಕಾಣಿಕೆ ಕೂಡಿಸಿ ಜೆರುಸಲೇಮಿಗೆ ಬಲಿಗೆ ಕಳಿಸಿದ ಕಥೆ.

"ಈಗೇನಂತೀಯ?" ಎಂದಳು. ಗೆದ್ದೆನೆಂಬ ಖುಷಿ ಮುಖದಲ್ಲಿ ಎದ್ದು ಕಾಣುತ್ತಿತ್ತು.

"ಇದು ಮಕ್ಕಬಿಯರ ಗ್ರಂಥ ಕಣಮ್ಮ. ನಿಮ್ಮ ಬೈಬಲ್‌ನಾಗೈತೆ, ನಮ್ಮ ಸತ್ಯವೇದದಾಗೆ ಇಲ್ಲ."

"ಇಲ್ಲ ಅಂದ್ರೆ? ಕಿತ್ತಾಕಿದ್ರಾ?"

"ಕಿತ್ತಾಕಿದ್ರು ಅಂತ ನೀವಂತೀರಿ. ಸೇರಿಸ್ಕಂಡ್ರು ಅಂತ ನಾವಂತೀವಿ."

ಇನ್ನಾಸಮ್ಮ ಪಕ್ಕದ ಕಟ್ಟೆಯ ಮೇಲೆ ಕುಸಿದು ಕೂತಳು. ಎರಡು ತಿಂಗಳ ಪಾಡು ನೀರಲ್ಲಿ ಹೋಮವಾಗಿತ್ತು. ದುಃಖವೂ ಬಂತು, ರೇಗಿಯೂ ಹೋಯಿತು.

"ಹಂಗಾದ್ರೆ ನಿನ್ನ ಪುಸ್ತಕನೇ ಹೇಳ್ಲಿ. ನಿಮ್ಮಪ್ಪ ಈಗ ಎಲ್ಲವ್ರೆ? ದೇವ್ರ ಹತ್ರ ಅವ್ರಾ, ಇಲ್ವಾ?"

ಹನ್ನೊಂದು ವರ್ಷ ಒಂದು ಮಾತಿಗೂ ಉತ್ತರ ಬಾಕಿ ಇಡದವನು ಬೈಬಲನ್ನು ಅವಳ ಮಡಿಲಿಗಿಟ್ಟು ಸಮಾಧಿಗೆ ಬೆನ್ನು ತಿರುಗಿಸಿದ. ಹಾಗೇ ನಿಂತು ಹೇಳಿದ.

"ಯೇಸುನ ನಂಬಿದೋರು ಕಣ್ಮುಚ್ಚಿದ ತಕ್ಷಣ ಅವನ ಹತ್ರ ಹೋಗ್ತಾರೆ. ಆಮೇಲೆ ಯಾರು ಬೇಡಿದ್ರೂ ಏನೂ ಬದಲಾಗಲ್ಲ. ಅಪ್ಪ ನಂಬಿಲ್ಲ ಅಂತ ನಾನೇ ಅಂದ್ನಲ್ಲಮ್ಮ. ಅದೇ ಕೊನೇ ಮಾತು, ಅವ್ರು ಹೋಗ್ಬುಟ್ರು. ನಾನಂದಿದ್ದು ನಿಜ ಆಗಿದ್ರೆ ಅವರಿಗೆ ಮಾಡಕ್ಕೆ ನಂಗೇನೂ ಉಳಿದಿಲ್ಲ. ಸುಳ್ಳಾಗಿದ್ರೆ ತಪ್ಪಾಯ್ತು ಅನ್ನಕ್ಕೆ ಅವ್ರಿಲ್ಲ. ಯಾವ ಮುಖ ಹೊತ್ಕಂಡು ಇಲ್ಲಿಗೆ ಬರ್ಲಿ?"

ಅವನು ಹಟಕ್ಕೆ ಬರುತ್ತಿಲ್ಲವೆಂದು ಇನ್ನಾಸಮ್ಮ ಇಷ್ಟು ದಿನ ಬೈದುಕೊಂಡಿದ್ದಳು. ಅವನು ಹೆದರಿ ಸಾಯುತ್ತಿದ್ದ. ಬೈಬಲ್ ಮುಚ್ಚಿ ಚೀಲಕ್ಕೆ ಹಾಕಿದಳು.

"ನಂಬಿದ್ರು ಕಣ್ಲಾ. ನಲವತ್ನಾಲ್ಕು ವರ್ಷ ಪಕ್ಕದಾಗೆ ಮಲಗಿದೋಳು ನಾನು. ನಿದ್ದೇಲಿ ಬೆಚ್ಚಿಬಿದ್ದಾಗೆಲ್ಲ ಯೇಸುವೇ ಅಂತಲೇ ಕೂಗ್ತಿದ್ರು. ಪೋಪ್‌ನ ಒಂದಿನಾನೂ ಕರೀಲಿಲ್ಲ."

ಜೋಜಪ್ಪನಿಗೆ ನಗು ಬಂತು, ನಗುತ್ತಲೇ ಕಣ್ಣೀರು ಸುರಿಯಿತು. ಅಂಗಿಯ ತೋಳಿನಲ್ಲಿ ಒರೆಸಿಕೊಂಡು ಹೂವಿನ ಬುಟ್ಟಿಯನ್ನು ಸಮಾಧಿಯ ಹತ್ತಿರಕ್ಕೆ ಸರಿಸಿದ.

"ನೀನು ದಿನಾ ಅಪ್ಪನಿಗೋಸ್ಕರ ಬೇಡ್ಕಂತೀಯಲ್ಲಮ್ಮ, ಅದನ್ನ ನಿಲ್ಲಿಸ್ಬೇಡ."

"ನಿನ್ನ ಪುಸ್ತಕದಾಗೆ ಇಲ್ವಲ್ಲೋ?"

"ಇಲ್ಲ. ನಾನು ಮಾಡಕ್ಕಾಗಲ್ಲ. ನೀನು ಮಾಡು."

ಅವಳು ಮೇಣದಬತ್ತಿ ಹಚ್ಚಿ, ಜಪಸರ ಕೈಗೆ ತೆಗೆದುಕೊಂಡು ಮೊಣಕಾಲೂರಿದಳು. ಮಗ ಶಿಲುಬೆಯ ಗುರುತು ಹಾಕಲಿಲ್ಲ, ಆಮೆನ್ ಅನ್ನಲಿಲ್ಲ, ತಲೆತಗ್ಗಿಸಿ ಹಿಂದೆಯೇ ನಿಂತಿದ್ದ. ನಾಲ್ಕು ಮಣಿ ಸರಿಯುವಷ್ಟರಲ್ಲಿ, ಗಂಡನಿಗೆಂದು ಬೇಡಲು ಬಂದಿದ್ದವಳ ಬಾಯಲ್ಲಿ ಬರುತ್ತಿದ್ದುದೆಲ್ಲ ಜೋಜಪ್ಪನ ಹೆಸರೇ.