ಸ್ಟೂಲು

ಎಷ್ಟು ತಡಕಾಡಿದರೂ ಆ ದುಃಖ ಯಾವುದೆಂದು ಅವನಿಗೆ ನೆನಪಾಗಲಿಲ್ಲ. ನಾಲ್ಕು ಗಂಟೆಗೆ ತನ್ನ ಹಾಡಿನ ಬಗ್ಗೆ ಭಾಷಣ. ಆಗಲೇ ಎರಡೂವರೆ.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಬರೆದ ಹಾಡು. ಮೂವತ್ತು ವರ್ಷ ಯಾರಿಗೂ ಬೇಡವಾಗಿದ್ದದ್ದಕ್ಕೆ ಈಗ ಯಾರೋ ಹುಡುಗರು ರಾಗ ಹಾಕಿದ್ದರು. ಅವನು ಪಾಠ ಹೇಳುವ ಕಾಲೇಜಿನ ಮೆಟ್ಟಿಲುಗಳ ಮೇಲೆಲ್ಲ ಅದೇ. ‘ಬೆಳಕು ತರಬೇಡಿ ಯಾರೂ, ನಾನಿನ್ನೂ ನನಗೆ ಸಿಕ್ಕಿಲ್ಲ.’ ಬರೆದದ್ದು ಸಂಖ್ಯಾಶಾಸ್ತ್ರದ ಮೇಷ್ಟರು ಎಂದು ತಿಳಿದಂದಿನಿಂದ ವಿದ್ಯಾರ್ಥಿಗಳು ಅವನನ್ನು ಕಂಡರೆ ಸಾವಿನ ಮನೆಯಲ್ಲಿದ್ದವರಂತೆ ದನಿ ತಗ್ಗಿಸುತ್ತಿದ್ದರು. ಅವನಿಗದು ಹಿತವಾಗಿತ್ತು. ಒಂಟಿ ಬಾಳಿನಲ್ಲಿ ತನ್ನದೆಂದು ಹೇಳಿಕೊಳ್ಳಲು ಒಂದು ದುಃಖವಾದರೂ ಇದೆಯಲ್ಲ.

ಆದರೆ ಯಾವುದು? ಅಕ್ಕನಿಗೆ ಫೋನ್ ಮಾಡಿದ.

“ಆ ವರ್ಷಾನಾ? ನಿನ್ನ ರೂಮಿನ ಬಲ್ಬ್ ಹೋಗಿತ್ತಲ್ಲೋ.”

“ಬಲ್ಬಲ್ಲ ಅಕ್ಕ. ಮನಸ್ಸಿನ ವಿಷಯ.”

“ಅದೇ ಹೇಳ್ತಿರೋದು. ಸ್ಟೂಲ್ ಹತ್ತೋಕೆ ನಿಂಗೆ ಭಯ, ಹೇಳ್ಕೊಳ್ಳೋಕೆ ನಾಚಿಕೆ. ಒಂದು ತಿಂಗಳು ಕತ್ತಲಲ್ಲೇ ಕೂತಿದ್ದೆ. ಕೇಳಿದ್ರೆ ಯೋಚನೆ ಮಾಡ್ತಿದೀನಿ ಅಂತಿದ್ದೆ. ಕೊನೆಗೆ ನಾನು ಬಂದು ಸ್ಟೂಲ್ ಹಿಡ್ಕೊಂಡೆ, ಆಗ ಹತ್ತಿದೆ.” ಅದೇ ಉಸಿರಿನಲ್ಲಿ, “ಊಟ ಆಯ್ತೇನೋ?” ಎಂದಳು.

ಇದ್ದದ್ದನ್ನು ಇದ್ದಂತೆ ಹೇಳಿಬಿಡುವುದೆಂದು ದಾರಿಯುದ್ದಕ್ಕೂ ನಿರ್ಧರಿಸಿಕೊಂಡೇ ಹೋದ.

ಸಭಾಂಗಣ ಕಿಕ್ಕಿರಿದಿತ್ತು. ಹಾಡಿನ ಕತ್ತಲೆಯೆಂದರೆ ಸಮಾಜ ಎಂದ ಒಬ್ಬ. ಅಲ್ಲ, ತಾಯಿಯ ಗರ್ಭ ಎಂದ ಇನ್ನೊಬ್ಬ. ಇಬ್ಬರಿಗೂ ಚಪ್ಪಾಳೆ ಬಿತ್ತು. ಬಲ್ಬಿನ ಹತ್ತಿರಕ್ಕೆ ಯಾರೂ ಸುಳಿಯಲಿಲ್ಲ. ಆಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಹೋದ ವರ್ಷ ನಾನು ಕಾಲೇಜು ಬಿಡೋದ್ರಲ್ಲಿದ್ದೆ ಸರ್. ದಿನಾ ಇದನ್ನೇ ಕೇಳ್ತಿದ್ದೆ. ನನ್ನ ಥರಾನೇ ಇನ್ನೊಬ್ಬರು ಇದ್ರಲ್ಲ ಅನ್ನಿಸ್ತಿತ್ತು. ಆಗ ನಿಮಗೇನಾಗಿತ್ತು ಸರ್?”

ಬಲ್ಬು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ.

“ಅದನ್ನ ಹೇಳೋಕಾಗಲ್ಲಮ್ಮ.”

ಇಡೀ ಸಭೆ ನಿಟ್ಟುಸಿರು ಬಿಟ್ಟಿತು. ಹುಡುಗಿ ವೇದಿಕೆಗೆ ಬಂದು, ನೀರಿನ ಲೋಟದ ಮುಚ್ಚಳ ತೆಗೆದು ಅವನ ಕೈಗೆ ಹತ್ತಿರವಾಗಿ ಸರಿಸಿಟ್ಟು ಹೋದಳು. ಅಷ್ಟು ಮೆಲ್ಲಗೆ ಅವನಿಗೆ ಯಾರಾದರೂ ಏನನ್ನಾದರೂ ಕೊಟ್ಟು ಎಷ್ಟೋ ವರ್ಷಗಳಾಗಿದ್ದವು. ಲೋಟವನ್ನು ಹಾಗೆಯೇ ಬಿಟ್ಟು ಎದ್ದ.

ಮನೆಗೆ ಬಂದಾಗ ಮಬ್ಬುಗತ್ತಲೆ. ಅವನ ಹಜಾರದ ಬಲ್ಬು ಹೋಗಿ ಹನ್ನೊಂದು ದಿನವಾಗಿತ್ತು. ಅಂದಿನಿಂದ ಅಡುಗೆಮನೆಯಲ್ಲೇ ಕೂತು ಪೇಪರ್ ಓದುತ್ತಿದ್ದ. ಅಲ್ಲಿ ಗಾಳಿ ಚೆನ್ನಾಗಿದೆ ಎಂದುಕೊಂಡಿದ್ದ.

ಒಂದು ಕಾಲು ಮೋಟಾಗಿ ಅಲುಗುವ ಸ್ಟೂಲು ಎಳೆದು ಹತ್ತಿದ. ಹಳೆಯ ಬಲ್ಬನ್ನು ಬಿಚ್ಚಿದ. ಬರುವ ದಾರಿಯಲ್ಲಿ ಕೊಂಡಿದ್ದ ಹೊಸದನ್ನು ಜೇಬಿನಿಂದ ತೆಗೆದ. ಆಮೇಲೆ ಕೆಳಗೆ ನೋಡಿದ, ನೋಡಬಾರದಿತ್ತು. ಎರಡು ಕೈಯಲ್ಲಿ ಎರಡು ಬಲ್ಬು. ಹಿಡಿದುಕೊಳ್ಳಲು ಮೂರನೆಯ ಕೈಯಿಲ್ಲ.

ಬೀದಿಯಲ್ಲಿ ಹುಡುಗರು ಹಾಡುತ್ತ ಹೋದರು: ಬೆಳಕು ತರಬೇಡಿ ಯಾರೂ.

“ಅಕ್ಕಾ, ಹಿಡ್ಕೊಂಡಿದೀಯಾ?” ಎಂದ, ತನಗಷ್ಟೇ ಕೇಳುವಂತೆ.

ಸ್ಟೂಲಿನ ಮೋಟು ಕಾಲು ಕತ್ತಲಲ್ಲಿ ಒಮ್ಮೆ ಟಕ್ ಎಂದಿತು.